ಎರಡು ಎಡಗಾಲಿನ ಬೆಲ್‌ಬಾಟಮ್

ಅದು ಫ್ಯಾಷನ್ ಅಲ್ಲ. ನಾನು ಬಟ್ಟೆ ತಪ್ಪು ಕತ್ತರಿಸಿದ್ದೆ, ಅಷ್ಟೇ.

ಸಾಗರದಲ್ಲಿ ನನ್ನ ವಯಸ್ಸಿನವರು ಯಾರಾದರೂ ಎದುರಾದರೆ ಇವತ್ತಿಗೂ ಕೇಳುತ್ತಾರೆ, "ಒಂದು ಕಾಲು ಮಿಂಚೋದು, ಇನ್ನೊಂದು ಮಿಂಚದೇ ಇರೋದು, ಆ ಪ್ಯಾಂಟಿನ ಐಡಿಯಾ ನಿಂಗೆ ಎಲ್ಲಿಂದ ಬಂತು ಮಾರಾಯ್ತಿ" ಎಂದು. ಎಲ್ಲಿಂದಲೂ ಬರಲಿಲ್ಲ ಎಂದರೆ ನಂಬುವುದಿಲ್ಲ. ವಿನಯಕ್ಕೆ ಹಾಗೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನನಗೆ ವಿನಯ ಇಲ್ಲ ಎಂಬುದನ್ನು ನನ್ನ ಸೊಸೆಯನ್ನು ಕೇಳಿದರೆ ಹೇಳುತ್ತಾಳೆ.

ಹೋದ ವಾರ ಮೊಮ್ಮಗಳು ಅಂಕಿತ ಕಾಲೇಜಿನಿಂದ ಬಂದವಳು ತಲೆಯ ಮೇಲೆ ಕಾಗೆ ಗೂಡಿನಂಥ ಒಂದು ಕೂದಲಿನ ಟೋಪಿ ಇಟ್ಟುಕೊಂಡಿದ್ದಳು. ಕಾಲೇಜಿನಲ್ಲಿ ಹಳೇ ಕಾಲದ ವೇಷ ಹಾಕುವ ದಿನವಂತೆ. ಹಳೇ ಕಾಲ ಅಂದರೆ ರಾಜರ ಕಾಲ ಇರಬೇಕು ಅಂದುಕೊಂಡೆ. ವಿಚಾರಿಸಿದರೆ ಅದು ನನ್ನ ಕಾಲ. ಬಾಗಿಲಲ್ಲಿ ನಿಂತು ಕಾಲು ಒರೆಸುತ್ತ ಕೇಳಿದಳು, "ಅಜ್ಜಿ, ಡಿಸ್ಕೋ ಅಂದ್ರೆ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಎಂತ. ಅದರ ಮೇಲೇ ಕಾಲು ಒರೆಸ್ತಾ ಇದ್ದೀಯಲ್ಲ."

ಅವಳು ಬಗ್ಗಿ ನೋಡಿದಳು. ನಮ್ಮ ಮನೆಯ ಕಾಲೊರೆಸುಗಳನ್ನೆಲ್ಲ ನಾನು ಕತ್ತರಿಸಿ ಉಳಿದ ಚೂರುಗಳನ್ನು ಜಡೆ ಹೆಣೆದು ಸುತ್ತಿ ಹೊಲಿಯುವುದು. ಇದು ಹಳೆಯದು. ಯೂನಿಫಾರಂ ನೀಲಿ, ಪೈಜಾಮದ ಪಟ್ಟೆ, ಇವುಗಳ ನಡುವೆ ಬೆಳ್ಳಿ ಬಣ್ಣದ ಒಂದು ಎಳೆ ಇನ್ನೂ ಮಿಂಚುತ್ತದೆ. ನಲವತ್ತು ವರ್ಷ ಜನ ಕಾಲು ಒರೆಸಿದರೂ ಅದರ ಸೊಕ್ಕು ಇಳಿದಿಲ್ಲ. ಹೇಳು ಹೇಳು ಎಂದು ಆ ಹುಡುಗಿ ಹಠ ಮಾಡಿತು. ಅವಳಿಗೆ ಅರ್ಧ ಹೇಳಿದೆ, ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಉಳಿದರ್ಧ ಹೊಟ್ಟೆಯಲ್ಲಿ ಇಟ್ಟುಕೊಂಡು ಏನು ಮಾಡಲಿ, ಬರೆಯುತ್ತಿದ್ದೇನೆ.

ನಾನು ಓದಿದ್ದು ಕೋಣಂದೂರಿನಲ್ಲಿ ನಾಲ್ಕನೇ ಕ್ಲಾಸು. ಐದಕ್ಕೆ ಹೋಗಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ನಮ್ಮ ಅಪ್ಪ ಬೇರೆಯವರ ಗದ್ದೆ ಮಾಡುತ್ತಿದ್ದವನು, ಆಮೇಲೆ ಅದೇ ಗದ್ದೆ ನಮ್ಮದಾಯಿತು. ಆ ಖುಷಿಗೋ ಏನೋ ಮರುವರ್ಷವೇ ನನ್ನ ಮದುವೆ ಮಾಡಿ ಸಾಗರಕ್ಕೆ ಕಳಿಸಿದರು. ಗಂಡ ಟೇಲರ್. ಟೇಲರ್ ಮನೆಗೆ ಕೊಟ್ಟರೆ ಬಟ್ಟೆಗೆ ಕೊರತೆ ಇಲ್ಲ ಅಂತ ಅವ್ವ ಸಮಾಧಾನ ಹೇಳಿದ್ದಳು. ಟೇಲರ್ ಹೆಂಡತಿಯ ರವಿಕೆ ಯಾವತ್ತೂ ಕೊನೆಗೆ ಹೊಲಿಯುವುದು ಎಂದು ಅವ್ವನಿಗೆ ಗೊತ್ತಿರಲಿಲ್ಲ.

ನಮ್ಮನೆಯವರ ಅಂಗಡಿ ಪೇಟೆಯ ಒಂದು ಅಡ್ಡ ಬೀದಿಯಲ್ಲಿ ಇತ್ತು. ಮುಂದೆ ಅವರ ಮೇಜು, ಮೇಜಿನ ಪಕ್ಕ ಮಿಷನ್ನು. ಹಿಂದೆ ಗೋಡೆಗೆ ಒರಗಿ ಚಾಪೆ ಹಾಕಿಕೊಂಡು ನಾನು. ನನ್ನ ಕೆಲಸ ಕಾಜ. ಗುಂಡಿ ತೂರುವ ತೂತಿದೆಯಲ್ಲ, ಅದರ ಸುತ್ತ ದಾರದಲ್ಲಿ ಕಟ್ಟು ಹಾಕುವುದಕ್ಕೆ ನಮ್ಮಲ್ಲಿ ಕಾಜ ಅನ್ನುತ್ತಾರೆ. ಒಂದು ಅಂಗಿಗೆ ಏಳು, ಎರಡು ಕೈಗೆ ಒಂದೊಂದು. ಒಂಬತ್ತು ವರ್ಷ ನಾನು ತೂತಿಗೆ ದಾರ ಸುತ್ತಿದೆ. ಟೇಲರ್ ಮನೆಯ ಹೆಂಗಸರೆಲ್ಲ ಮಾಡುವುದು ಅದನ್ನೇ. ಗುಂಡಿ ಹಚ್ಚಬಹುದು, ಅಂಚು ಮಡಚಬಹುದು, ಇಸ್ತ್ರಿ ಮಾಡಬಹುದು, ಕೈ ಪಳಗಿದರೆ ಮಿಷನ್ ತುಳಿಯಲೂಬಹುದು. ಕತ್ತರಿ ಮುಟ್ಟುವ ಹಾಗಿಲ್ಲ. ಕತ್ತರಿ ಹಿಡಿದವನೇ ಮಾಸ್ಟರ್. ಮಾವನ ಕೈಯಲ್ಲಿ ಇದ್ದದ್ದು ಇವರ ಕೈಗೆ ಬಂದಿತ್ತು. ಆಯುಧ ಪೂಜೆಯ ದಿನ ಅದಕ್ಕೆ ಕುಂಕುಮ ಇಡುವುದು ನಾನು, ಮರುದಿನ ಅದನ್ನು ಎತ್ತಿಕೊಳ್ಳುವುದು ಅವರು.

ನನಗೆ ಅದು ಬೇಕಾಗಿತ್ತು. ಹೆಣ್ಣಿಗೂ ಸಮಾನತೆ ಬೇಕು ಎನ್ನುವಂಥ ದೊಡ್ಡ ಮಾತು ನನಗೆ ಗೊತ್ತಿರಲಿಲ್ಲ. ಬೆಲ್‌ಬಾಟಮ್ ಕತ್ತರಿಸಬೇಕು ಅನ್ನಿಸಿತ್ತು, ಅಷ್ಟೇ.

ಇದಕ್ಕೆಲ್ಲ ಕಾರಣ ಪಕ್ಕದ ರಫೀಕಣ್ಣ. ಅವರದು ಕ್ಯಾಸೆಟ್ಟಿನ ಅಂಗಡಿ. ಜನ ಖಾಲಿ ಕ್ಯಾಸೆಟ್ಟು ತಂದು, ಬೇಕಾದ ಹಾಡಿನ ಪಟ್ಟಿ ಬರೆದು ಕೊಟ್ಟು ಹೋಗುವರು, ಇವರು ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ತುಂಬಿಸಿ ಕೊಡುವರು. ಒಂದೇ ಹಾಡನ್ನು ಹತ್ತು ಜನ ಬರೆದರೆ ಹತ್ತು ಸಲ. ಹಾಗೆ ಬೆಳಿಗ್ಗೆಯಿಂದ ಸಂಜೆಯ ತನಕ ನಮ್ಮ ನಡುಗೋಡೆ ಢಕ್ ಢಕ್ ಅನ್ನುತ್ತಿತ್ತು. ಮೊದಮೊದಲು ತಲೆನೋವು ಬಂತು. ಒಂದು ತಿಂಗಳು ಕಳೆದ ಮೇಲೆ, ರಫೀಕಣ್ಣ ಊಟಕ್ಕೆ ಹೋದರೆ ಕೈಯಲ್ಲಿ ಸೂಜಿ ಓಡುವುದಿಲ್ಲ ಎನ್ನುವ ಹಾಗಾಯಿತು. ಢಕ್ಕಿಗೆ ಸೂಜಿ ಒಳಗೆ, ಢಕ್ಕಿಗೆ ಸೂಜಿ ಹೊರಗೆ. ನನ್ನ ಕಾಜಗಳು ಅಷ್ಟು ಸಮನಾಗಿ ಯಾವತ್ತೂ ಬಂದಿರಲಿಲ್ಲ. "ಈಗೀಗ ನಿನ್ನ ಕೈ ಚೆನ್ನಾಗಿ ಕೂತಿದೆ" ಎಂದು ನಮ್ಮನೆಯವರು ಒಮ್ಮೆ ಹೊಗಳಿದರು. ಕೈ ಕೂರಿಸಿದ್ದು ಬೊಂಬಾಯಿಯ ಯಾವನೋ ಡ್ರಮ್ಮಿನವನು.

ಹಾಡು ಹಿಂದಿಯವು. ಒಂದಕ್ಷರದ ಅರ್ಥ ತಿಳಿಯುತ್ತಿರಲಿಲ್ಲ. ಅಂಕಿತ ಈಚೆಗೆ ಒಂದೆರಡರ ಅರ್ಥ ಹೇಳಿದಳು, ತಿಳಿಯದೇ ಇದ್ದದ್ದೇ ಚೆನ್ನಾಗಿತ್ತು. ಆದರೆ ಆ ಹಾಡುಗಳಲ್ಲಿ ಯಾರೂ ಅಳುತ್ತಿರಲಿಲ್ಲ, ಅದು ನನಗೆ ಹಿಡಿಸಿತು. ನಾನು ಚಿಕ್ಕವಳಿದ್ದಾಗ ಕೇಳಿದ ಹಾಡುಗಳಲ್ಲೆಲ್ಲ ಹೆಂಗಸು ಒಂದೋ ಗಂಡನಿಗೆ ಕಾಯುವಳು, ಇಲ್ಲವೇ ತವರಿಗೆ ಅಳುವಳು. ಮದುವೆಮನೆಯ ಮೈಕಿನಲ್ಲಿಯೂ ಅದೇ. ಕೋಣಂದೂರಿನ ಸಂತೆಗೆ ಅಪ್ಪನ ಜೊತೆ ಹೋದಾಗ ಹೋಟೆಲಿನ ರೇಡಿಯೋ ಕೇಳುತ್ತ ನಿಂತರೆ, "ಆ ಅಳುಮುಂಜಿ ಹಾಡು ಸಾಕು, ನಡಿ" ಎಂದು ಅಪ್ಪ ಕೈ ಎಳೆಯುತ್ತಿದ್ದ. ಅಪ್ಪ ಬದುಕಿದ್ದಿದ್ದರೆ ಡಿಸ್ಕೋ ಮೆಚ್ಚುತ್ತಿದ್ದ ಅಂತ ನನ್ನ ನಂಬಿಕೆ.

ಇನ್ನು ಬೆಲ್‌ಬಾಟಮ್ಮು. ಎಪ್ಪತ್ತರ ಕೊನೆಯ ಹೊತ್ತಿಗೆ ಸಾಗರದ ಬೀದಿಯನ್ನು ಮುನ್ಸಿಪಾಲಿಟಿ ಗುಡಿಸಬೇಕಾಗಿರಲಿಲ್ಲ, ಪ್ಯಾಂಟುಗಳೇ ಗುಡಿಸುತ್ತಿದ್ದವು. ತಳದ ಸುತ್ತು ಇಪ್ಪತ್ತು ಇಂಚಿನಲ್ಲಿ ಶುರುವಾದದ್ದು, ವರ್ಷ ವರ್ಷ ಏರಿ ಇಪ್ಪತ್ತಾರಕ್ಕೆ ಬಂತು. ಅಂಗಿಯ ಕಾಲರು ಆನೆಕಿವಿ. ಕೂದಲು ಕಿವಿ ಮುಚ್ಚಬೇಕು, ಚಪ್ಪಲಿಯ ಹಿಮ್ಮಡಿ ಮಣೆಯಷ್ಟು ದಪ್ಪ ಇರಬೇಕು. ತುಮರಿ ಕಡೆಯ ಗೌಡರ ಮನೆಯ ಒಬ್ಬರು ಲಾಂಚಿನಲ್ಲಿ ಹೊಳೆ ದಾಟಿ ಬರುವವರು, ಲಾಂಚು ಹತ್ತುವಾಗಲೂ ಇಳಿಯುವಾಗಲೂ ಸೀರೆಯ ನೆರಿಗೆ ಎತ್ತಿದ ಹಾಗೆ ಎರಡು ಕೈಯಲ್ಲಿ ಪ್ಯಾಂಟು ಎತ್ತಿಕೊಳ್ಳುತ್ತಿದ್ದರಂತೆ. ಅವರೇ ಬಂದು ಅಂಗಡಿಯಲ್ಲಿ ಹೇಳಿದ್ದು. ಅವರ ದೊಡ್ಡ ದೂರು ನೀರಿನದಲ್ಲ, ಇಂಬಳದ್ದು, ನಮ್ಮ ಕಡೆಯ ರಕ್ತ ಹೀರುವ ಜಿಗಣೆಯದ್ದು. "ಮಾಸ್ಟ್ರೆ, ಮಾಮೂಲಿ ಪ್ಯಾಂಟಿಗೆ ಒಂದು ಇಂಬಳ ಹತ್ತಿದ್ರೆ ಇದಕ್ಕೆ ಸಂಸಾರ ಸಮೇತ ಹತ್ತುತ್ತೆ. ತಳಕ್ಕೆ ಒಂದು ಲಾಡಿ ಇಡಕ್ಕಾಗುತ್ತಾ?"

"ಲಾಡಿ ಇಟ್ರೆ ಅದು ಪೈಜಾಮ ಆಗುತ್ತೆ ಗೌಡ್ರೆ" ಎಂದರು ನಮ್ಮನೆಯವರು.

"ಹಂಗಾರೆ ಬ್ಯಾಡ. ಇಂಬಳನೇ ಇರ್ಲಿ."

ಫ್ಯಾಷನ್ನಿಗಾಗಿ ಮನುಷ್ಯ ರಕ್ತ ಕೊಡುತ್ತಾನೆ ಎಂದು ನಾನು ಆವತ್ತು ಕಣ್ಣಾರೆ ಕಂಡೆ. ನಾನೂ ಏನು ಕಡಿಮೆಯಲ್ಲ. ಉಳಿದ ಬಟ್ಟೆಯಲ್ಲಿ ಒಂದು ರವಿಕೆ ಹೊಲಿದುಕೊಂಡು, ಅದರ ಕೈಗೆ ಗಂಟೆಯ ಹಾಗೆ ಅಗಲದ ತುದಿ ಬಿಟ್ಟೆ. ಚೆಂದವೇ ಇತ್ತು. ಆದರೆ ಬಡಿಸಲು ಬಗ್ಗಿದರೆ ನನಗಿಂತ ಮೊದಲು ಅದು ಸಾರಿಗೆ ಇಳಿಯುತ್ತಿತ್ತು. ಒಂದು ವಾರ ಎಲ್ಲರೂ ನನ್ನ ತೋಳಿನ ರುಚಿಯ ಸಾರು ಉಂಡರು. ಎಂಟನೇ ದಿನ ತುದಿ ಕತ್ತರಿಸಿದೆ. ಕತ್ತರಿಯಲ್ಲಲ್ಲ, ಬ್ಲೇಡಿನಲ್ಲಿ.

ನಮ್ಮನೆಯವರು ಬೆಲ್‌ಬಾಟಮ್ ಹೊಲಿಯುತ್ತಿದ್ದರು, ಆದರೆ ಬೈದುಕೊಂಡು. "ಒಬ್ಬನ ಪ್ಯಾಂಟಿನಲ್ಲಿ ಇಬ್ರು ಹೋಗ್ಬೋದು" ಎನ್ನುವರು. ಅವರಿಗೆ ಇಷ್ಟವಾದದ್ದು ಶಾಲೆಯ ಚಡ್ಡಿ. ಅಳತೆ ಗೊತ್ತು, ಬಣ್ಣ ಗೊತ್ತು, ಯಾರೂ ಬಂದು ತಳ ಇನ್ನೊಂದಿಂಚು ಬಿಡಿ ಅನ್ನುವುದಿಲ್ಲ. ನಾನು ಹಿಂದಿನಿಂದ ಅವರ ಕೈಯನ್ನೇ ನೋಡುತ್ತಿದ್ದೆ. ಮಂಡಿಯ ಹತ್ತಿರ ಒಳಗೆ ಬಂದು ಆಮೇಲೆ ಹೊರಗೆ ಅರಳುವ ಆ ಗೆರೆಯನ್ನು ಅವರು ಹೆದರಿ ಹೆದರಿ ಎಳೆಯುತ್ತಿದ್ದರು, ಗದ್ದೆಯ ಬದುವಿನ ಮೇಲೆ ನಡೆಯುವ ಪೇಟೆಯವನ ಹಾಗೆ. ನಾನಾಗಿದ್ದರೆ ಒಂದೇ ಉಸಿರಿಗೆ ಎಳೆಯುತ್ತಿದ್ದೆ. ಎಷ್ಟೋ ಸಲ ಸೂಜಿಯ ತುದಿಯಲ್ಲಿ ಗಾಳಿಯಲ್ಲೇ ಎಳೆದಿದ್ದೆ.

"ಕಟಿಂಗ್ ನಂಗೂ ಕಲ್ಸಿ" ಎಂದು ಎರಡು ಸಲ ಕೇಳಿದ್ದೆ. ಒಂದು ಸಲ ಕೇಳಿಸದ ಹಾಗಿದ್ದರು. ಇನ್ನೊಂದು ಸಲ, "ಕಾಜ ಮಾಡೋರು ಯಾರು ಮತ್ತೆ" ಎಂದರು. ನಾನು ಮುಂದಿನ ಅಂಗಿ ಎತ್ತಿಕೊಂಡೆ.

ಹೀಗಿರುವಾಗ ಎಂಬತ್ತೆರಡೋ ಎಂಬತ್ಮೂರೋ ಒಂದು ಗುರುವಾರ ಶ್ಯಾಮಲ ಬಂದಳು. ಜೋಗದ ಪವರ್‌ಹೌಸಿನಲ್ಲಿ ಅವಳ ಅಪ್ಪ ಆಪರೇಟರು. ಈ ಹುಡುಗಿ ಸಾಗರದಲ್ಲಿ ಟೈಪಿಂಗ್ ಕಲಿಸುತ್ತಿದ್ದಳು, ಭಾನುವಾರ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ರಫೀಕಣ್ಣನ ಅಂಗಡಿಯ ಖಾಯಂ ಗಿರಾಕಿ, ಹಾಗಾಗಿ ನನಗೂ ಪರಿಚಯ. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಹರವಿದಳು. ಬೆಳ್ಳಿ ಬಣ್ಣದ ಸ್ಯಾಟಿನ್. ಅಂಗಡಿಗೆಲ್ಲ ಬೆಳಕಾಯಿತು.

"ಅಣ್ಣ ಬೊಂಬಾಯಿಂದ ತಂದಿದ್ದು ಮಾಸ್ಟ್ರೆ. ಈ ಭಾನುವಾರ ಜೋಗದ ಕಾಲೋನಿ ಕ್ಲಬ್ಬಿನಲ್ಲಿ ನಮ್ಮ ಪ್ರೋಗ್ರಾಂ. ಒಂದು ಬೆಲ್‌ಬಾಟಮ್ ಆಗ್ಬೇಕು."

"ಅಣ್ಣನ್ನ ಕಳ್ಸು, ಅಳತೆ ತೆಗಿತೀನಿ."

"ಅಣ್ಣಂಗಲ್ಲ. ನಂಗೆ."

ನಮ್ಮನೆಯವರು ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಹಾವು ಕೆಳಗಿಟ್ಟ ಹಾಗೆ.

"ನೋಡಮ್ಮ, ಹೆಂಗಸರು ರವಿಕೆ ಕೊಡೋದಾದ್ರೆ ಅಳತೆಗೆ ಅಂತ ಹಳೇ ರವಿಕೆ ತರ್ತಾರೆ. ನಿನ್ನ ಹತ್ರ ಹಳೇ ಪ್ಯಾಂಟ್ ಇದ್ಯಾ?"

"ಎಲ್ಲಿಂದ ಇರುತ್ತೆ."

"ಮತ್ತೆ ನಾನು ಎಲ್ಲೆಲ್ಲಿ ಟೇಪ್ ಹಿಡಿಬೇಕು ಹೇಳು."

ಶ್ಯಾಮಲ ಮುಖ ಕೆಂಪು ಮಾಡಿಕೊಂಡಳು, ಆದರೆ ಪೊಟ್ಟಣ ಕಟ್ಟಲಿಲ್ಲ. "ಸೀರೆ ಉಟ್ಟು ಡಿಸ್ಕೋ ಹಾಡಿದ್ರೆ ಭಜನೆ ಹೇಳಿದಂಗೆ ಇರುತ್ತೆ ಮಾಸ್ಟ್ರೆ."

"ನಿಮ್ಮಪ್ಪಂಗೆ ಗೊತ್ತಾ?" ಎಂದು ನಾನು ಹಿಂದಿನಿಂದ ಕೇಳಿದೆ.

"ಹೇಳಿದೀನಿ ಅಕ್ಕ. ಮೂರು ದಿವಸ ಮಾತಾಡ್ಲಿಲ್ಲ. ನಾಲ್ಕನೇ ದಿವಸ, ಯಾವ ಟೇಲರ್ ಹತ್ರ ಕೊಡ್ತೀಯ ಅಂತ ಕೇಳಿದ್ರು."

ನಾನು ಕಾಜದ ಅಂಗಿ ಕೆಳಗಿಟ್ಟು ಎದ್ದೆ. "ಅಳತೆ ನಾನು ತೆಗಿತೀನಿ."

"ಅಳತೆ ನೀ ತೆಗಿ. ಕತ್ತರ್ಸೋದು ಯಾರು?" ಎಂದರು ನಮ್ಮನೆಯವರು. "ಹೆಣ್ಣುಮಕ್ಕಳಿಗೆ ಪ್ಯಾಂಟ್ ಹಾಕ್ಸಿದ ಟೇಲರ್ ಅಂತ ಹೆಸರು ಬೇಡ ನಂಗೆ. ನಾ ಕತ್ತರ್ಸಲ್ಲ."

"ಹಂಗಾರೆ ನಾನೇ ಕತ್ತರ್ಸ್ತೀನಿ."

ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ನಕ್ಕರು. ಅದು ಸಿಟ್ಟಿಗಿಂತ ಜಾಸ್ತಿ ಚುಚ್ಚಿತು.

"ಕತ್ತರ್ಸು ಮಾರಾಯ್ತಿ. ಪ್ಯಾಂಟು ಪ್ಯಾಂಟಿನಂಗೆ ಬಂದ್ರೆ ನಾಳೆಯಿಂದ ಕತ್ತರಿ ನೀನೂ ಹಿಡಿ. ಹಾಳಾದ್ರೆ ಇನ್ಮೇಲೆ ಈ ಅಂಗಡೀಲಿ ಕತ್ತರಿ ಮಾತು ಎತ್ತಬಾರ್ದು. ಆಯ್ತಾ?"

"ಆಯ್ತು."

ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನಮ್ಮಲ್ಲಿ ಕೊಡುವುದಿಲ್ಲ. ಅವರು ಮೇಜಿನ ಮೇಲೆ ಇಟ್ಟರು. ಮರುದಿನ ಅವರ ತಂಗಿಯ ಮಗುವಿಗೆ ಹೆಸರಿಡುವುದಿತ್ತು, ಹೊಸನಗರಕ್ಕೆ ಹೊರಟುಹೋದರು. ಬರುವುದು ಭಾನುವಾರ. ನಾನೂ ಹೋಗಬೇಕಿತ್ತು, ಹೋಗಲಿಲ್ಲ. ಆ ಮಾತನ್ನು ನಾದಿನಿ ಈಗಲೂ ಆಡುತ್ತಾಳೆ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕತ್ತರಿಸಲು ನಿಂತೆ. ಪಕ್ಕದಲ್ಲಿ ರಫೀಕಣ್ಣನ ಹಾಡು ಜೋರಾಗಿತ್ತು. ದಿನಪತ್ರಿಕೆಯ ಮೇಲೆ ಮುಂದಿನ ತುಂಡು, ಹಿಂದಿನ ತುಂಡು ಬರೆದು ನಮೂನೆ ಮಾಡಿದೆ. ಮಂಡಿಯಿಂದ ಕೆಳಗಿನ ಗೆರೆ ಒಂದೇ ಉಸಿರಿಗೆ ಎಳೆದೆ, ಗಾಳಿಯಲ್ಲಿ ಎಳೆದದ್ದಕ್ಕಿಂತ ಚೆನ್ನಾಗಿ ಬಂತು. ಬಟ್ಟೆ ಹರವಿದರೆ ಅಗಲ ಕಡಿಮೆ. ಬೊಂಬಾಯಿಯ ಅಣ್ಣ ಪ್ಯಾಂಟಿನ ಬಟ್ಟೆ ತಂದಿರಲಿಲ್ಲ, ರವಿಕೆಯ ಅಗಲದ್ದು ತಂದಿದ್ದ. ಎರಡು ಪದರ ಮಡಚಿದರೆ ಆ ಇಪ್ಪತ್ತಾರು ಇಂಚಿನ ತಳ ಕೂರುವುದಿಲ್ಲ.

ನಾನು ಹೆದರಲಿಲ್ಲ. ಇಂಥದಕ್ಕೆ ನಮ್ಮ ಅಂಗಡಿಯಲ್ಲಿ ಒಂದು ಉಪಾಯ ಇತ್ತು. ಬಟ್ಟೆಯನ್ನು ಮಡಚದೆ ಒಂದೇ ಪದರ ಬಿಡಿಸುವುದು. ಒಂದು ತುಂಡನ್ನು ತಲೆ ಮೇಲೆ ಮಾಡಿ ಬರೆದುಕೊಂಡು, ಅದರ ಪಕ್ಕಕ್ಕೆ ಅದೇ ನಮೂನೆಯನ್ನು ತಲೆಕೆಳಗು ತಿರುಗಿಸಿ ಇನ್ನೊಂದು ಬರೆಯುವುದು. ಒಂದರ ಅಗಲದ ತಳ ಇನ್ನೊಂದರ ಸಪೂರ ಸೊಂಟದ ಪಕ್ಕ ಕೂರುತ್ತದೆ, ಒಂದೇ ಹಾಸಿಗೆಯಲ್ಲಿ ತಲೆ ಕಾಲು ಅದಲುಬದಲು ಮಾಡಿ ಮಕ್ಕಳನ್ನು ಮಲಗಿಸಿದ ಹಾಗೆ. ಒಂಬತ್ತು ವರ್ಷ ನಮ್ಮನೆಯವರು ಚಡ್ಡಿ, ಪೈಜಾಮ ಹೀಗೆ ಕತ್ತರಿಸಿದ್ದನ್ನು ನೋಡಿದ್ದೆ. ಅಂಗೈಯಗಲ ಬಟ್ಟೆ ಉಳಿಯಿತು. ಬಹಳ ಜಾಣೆ ಅಂದುಕೊಂಡೆ.

ತುಂಡುಗಳನ್ನು ಜೋಡಿಸಿ ಗುಂಡುಸೂಜಿ ಹಾಕುವಾಗ ನೋಡಿದೆ. ಒಂದು ಕಾಲು ಕೂತಿತು. ಇನ್ನೊಂದು ಕಾಲೂ ಎಡಗಾಲೇ.

ಹೊಲಿಗೆ ಬಾರದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಚಡ್ಡಿಯ ಬಟ್ಟೆಗೆ, ಪೈಜಾಮದ ಬಟ್ಟೆಗೆ ಎರಡು ಕಡೆಯೂ ಒಂದೇ. ಎರಡು ತುಂಡೂ ಎಡಗಾಲಿನದೇ ಆದರೆ ಒಂದನ್ನು ಮಗುಚಿ ಹಾಕಿದರಾಯಿತು, ಅದು ಬಲಗಾಲು. ದೋಸೆ ಮಗುಚಿದ ಹಾಗೆ. ಸ್ಯಾಟಿನ್‌ಗೆ ಹಾಗಲ್ಲ, ಅದಕ್ಕೆ ಮುಖ ಇದೆ. ಒಂದು ಕಡೆ ಬೆಳ್ಳಿ, ಮಗುಚಿದರೆ ಬೂದಿ. ಮುಖವಿಲ್ಲದ ಬಟ್ಟೆಯ ಜೊತೆಗೇ ಒಂಬತ್ತು ವರ್ಷ ಕಳೆದವಳಿಗೆ ಬಟ್ಟೆಗೆ ಮುಖ ಇರುತ್ತದೆ ಎಂಬುದೇ ಮರೆತಿತ್ತು. ಇನ್ನೊಂದು ಕಾಲಿಗಾಗುವಷ್ಟು ಬಟ್ಟೆ ಉಳಿದಿರಲಿಲ್ಲ. ಸಾಗರದಲ್ಲಿ ಅಂಥದ್ದು ಸಿಗುತ್ತಿರಲಿಲ್ಲ.

ಅಳಲಿಲ್ಲ.  ರಫೀಕಣ್ಣನ ಅಂಗಡಿಯಲ್ಲಿ ಅದೇ ಹಾಡು ಮತ್ತೆ ಶುರುವಾಯಿತು, ಆವತ್ತು ಮಾತ್ರ ಆ ಡ್ರಮ್ಮಿನವನ ಮೇಲೆ ನನಗೆ ಕೋಪ ಬಂದದ್ದು. ಕತ್ತರಿ ಹೋಯಿತು ಎನ್ನುವುದು ಆಗಲೇ ಗೊತ್ತಾಗಿತ್ತು. ಅದಕ್ಕೆ ಇನ್ನು ಮಾಡುವುದೇನಿರಲಿಲ್ಲ. ಹುಡುಗಿಗೆ ಹೇಳುವುದೊಂದಿತ್ತು.

ಸಂಜೆ ಟೈಪಿಂಗ್ ಮುಗಿಸಿ ಶ್ಯಾಮಲ ಬಂದಾಗ ಬಾಗಿಲಲ್ಲೇ ಹೇಳಿದೆ. "ಬಟ್ಟೆ ಹಾಳು ಮಾಡಿದೀನಿ. ಎರಡೂ ಎಡಗಾಲು ಕತ್ತರ್ಸಿದೀನಿ."

ಅವಳಿಗೆ ಅರ್ಥವಾಗಲಿಲ್ಲ. ತುಂಡುಗಳನ್ನು ಅವಳ ಕಾಲಿಗೆ ಹಿಡಿದು ತೋರಿಸಿದೆ. ನೋಡಿ ನನ್ನ ಚಾಪೆಯ ಮೇಲೆಯೇ ಕೂತುಬಿಟ್ಟಳು.

"ಇನ್ನೆಂತ ಮಾಡೋದು ಅಕ್ಕ?"

"ಒಂದೇ ದಾರಿ. ಎಡಗಾಲು ಬೆಳ್ಳಿ, ಬಲಗಾಲು ಬೂದಿ. ಬೇಡ ಅಂದ್ರೆ ಸೀರೆ ಉಟ್ಟು ಹಾಡು."

"ಬಲಗಾಲನ್ನ ಬೆಳ್ಳಿ ಮಾಡಿ, ಎಡಗಾಲು..."

"ಆಗಲ್ಲ. ಎರಡರಲ್ಲಿ ಮಿಂಚೋದು ಎಡಗಾಲು ಮಾತ್ರ. ನನ್ನ ಕೈಯಲ್ಲಿ ಅಷ್ಟೇ ಉಳ್ದಿರೋದು."

 ಗೋಡೆಯ ಆಚೆ ಢಕ್ ಢಕ್ ನಡೆದೇ ಇತ್ತು. ಅವಳ ಪಾದ ಅವಳಿಗೆ ತಿಳಿಯದೆ ಚಾಪೆಯ ಮೇಲೆ ತಟ್ಟುತ್ತಿತ್ತು. ಅದನ್ನು ಅವಳೇ ನೋಡಿಕೊಂಡಳು.

"ತಾಳ ಹಾಕೋದು ಎಡಗಾಲಲ್ಲೇ ನಾನು" ಎಂದಳು. "ಹೊಲಿರಿ ಅಕ್ಕ. ಸೊಂಟದ ಹತ್ರ ಮಾತ್ರ ಬಿಚ್ಚಿಹೋಗ್ಬಾರ್ದು. ನಾನು ಸುಮ್ನೆ ನಿಂತು ಹಾಡೋಳಲ್ಲ."

ಸೊಂಟಕ್ಕೂ ಸೀಟಿಗೂ ಎರಡೆರಡು ಹೊಲಿಗೆ ಹಾಕಿದೆ. ಶನಿವಾರ ತೆಗೆದುಕೊಂಡು ಹೋದಳು.

ಭಾನುವಾರ ಹೊಸನಗರದ ಬಸ್ಸಿನಿಂದ ಇಳಿದ ನಮ್ಮನೆಯವರು, "ಎಲ್ಲಿ ಪ್ಯಾಂಟು" ಎಂದರು.

"ಜೋಗದಲ್ಲಿ."

"ಹೆಂಗಾಯ್ತು?"

"ಹೋಗಿ ನೋಡಿ."

ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಇಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದೆವು.

ಕಾರ್ಯಕ್ರಮ ಹಗಲಲ್ಲೇ, ಮೂರು ಗಂಟೆಗೆ. ಆದರೆ ಡಿಸ್ಕೋ ಅಂದರೆ ಕತ್ತಲೆ ಬೇಕಲ್ಲ, ಕ್ಲಬ್ಬಿನ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಒಳಗೆ ಬೇಯುವ ಸೆಕೆ. ಮೇಲಿನಿಂದ ಒಂದು ಮಣ್ಣಿನ ಮಡಕೆ ಇಳಿಬಿಟ್ಟು ಅದರ ಮೈಗೆಲ್ಲ ಒಡೆದ ಕನ್ನಡಿಯ ಚೂರು ಅಂಟಿಸಿದ್ದರು. ಹಗ್ಗಕ್ಕೆ ಹುರಿ ಕೊಟ್ಟು ಬಿಟ್ಟರೆ ಅದು ಗಿರಗಿರ ತಿರುಗಿ, ಹುರಿ ಮುಗಿದ ಮೇಲೆ ಹಿಂದಕ್ಕೆ ತಿರುಗುತ್ತಿತ್ತು. ಕೆಂಪು, ಹಸಿರು ಕಾಗದ ಸುತ್ತಿದ ಬಲ್ಬುಗಳಿಗೆ ಟ್ಯೂಬ್‌ಲೈಟಿನ ಸ್ಟಾರ್ಟರ್ ಸಿಕ್ಕಿಸಿದ್ದರು, ಅದರಿಂದ ಬಲ್ಬು ಪಕಪಕ ಹೊತ್ತಿ ಆರುತ್ತಿತ್ತು. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಜನ, ಕರೆಂಟು ಹೋಗಿ ಬಂದು ಮಾಡಲಿ ಎಂದು ಅಷ್ಟು ಕಷ್ಟಪಟ್ಟಿದ್ದರು. ಸಾಗರಕ್ಕೆ ಬಂದಿದ್ದರೆ ಅದನ್ನು ನಾವು ಪುಕ್ಕಟೆ ತೋರಿಸುತ್ತಿದ್ದೆವು.

ಶ್ಯಾಮಲ ಬಂದು ನಿಂತಾಗ ಇನ್ನೂ ದೊಡ್ಡ ದೀಪ ಇತ್ತು. ಸಭೆಯಲ್ಲಿ ಗುಜುಗುಜು. ನನ್ನ ಪಕ್ಕದ ಅಜ್ಜಿ ಅವಳ ಸೊಸೆಗೆ ಹೇಳಿದಳು, "ಪಾಪ, ಬಟ್ಟೆ ಸಾಕಾಗ್ಲಿಲ್ಲ ಕಾಣುತ್ತೆ. ಒಂದು ಕಾಲಿಗೆ ಲೈನಿಂಗಿನಲ್ಲೇ ಮುಗ್ಸಿದಾರೆ."

ನಮ್ಮನೆಯವರು ಅವಳ ಕಾಲನ್ನೇ ನೋಡುತ್ತಿದ್ದರು. ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ನಾನು ವೇದಿಕೆ ನೋಡಿದೆ.

ದೊಡ್ಡ ದೀಪ ಆರಿಸಿದರು. ಡ್ರಮ್ಮು ಶುರುವಾಯಿತು, ಆಗ ಎಲ್ಲರ ಬಾಯಲ್ಲಿದ್ದ ಹಾಡು. ಬಲ್ಬು ಹೊತ್ತಿ ಆರಿ, ಹೊತ್ತಿ ಆರಿ, ಆ ಕತ್ತಲಲ್ಲಿ ಬೂದಿ ಕಾಲು ಮಾಯವಾಯಿತು. ಬೆಳ್ಳಿಯ ಒಂದೇ ಕಾಲು ತಾನೇ ತಾನಾಗಿ ತಾಳ ಹಾಕುತ್ತಿತ್ತು. ಅವಳು ತಿರುಗಿದಳು, ಕಾಲು ಹೋಯಿತು, ಮತ್ತೆ ಬಂತು. ಮೈಕಿನ ವೈರನ್ನು ಹಾರಿ ದಾಟಿದಾಗ ನೆಲದಿಂದ ಸೊಂಟದವರೆಗೆ ಒಂದು ಮಿಂಚು ಎದ್ದ ಹಾಗಾಯಿತು. ಹಿಂದಿನ ಸಾಲಿನಲ್ಲಿ ಪವರ್‌ಹೌಸಿನವರು ಎದ್ದು ನಿಂತರು. ಶ್ಯಾಮಲಳ ಅಪ್ಪ ಕೈ ಕಟ್ಟಿಕೊಂಡೇ ಇದ್ದರು, ಪಾದ ಮಾತ್ರ ಕಟ್ಟಿರಲಿಲ್ಲ. ಲೈನಿಂಗ್ ಎಂದ ಅಜ್ಜಿ, "ಎಂತ ಉಪಾಯ ಮಾಡಿದಾರೆ ನೋಡು" ಎಂದಳು.

ನಾನೂ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ. ಸೆರಗಿನ ಒಳಗೆ ಬೆರಳು ಕುಣಿಸಿಕೊಂಡೆ.

ಹೊರಗೆ ಬಂದಾಗ ಪವರ್‌ಹೌಸಿನ ಮೂರು ಜನ ಕೆಲಸಗಾರರು ನಮ್ಮನೆಯವರನ್ನು ಅಡ್ಡಗಟ್ಟಿದರು. "ಮಾಸ್ಟ್ರೆ, ಎಂಥ ಡಿಸೈನ್ ಮಾರಾಯ್ರೆ. ನಮಗೂ ಹಂಗೇ ಬೇಕು."

ಈಗ ಇವರು ಏನು ಹೇಳುತ್ತಾರೆ ಎಂದು ನಾನು ಕಾದೆ. ಡಿಸೈನ್ ತನ್ನದು ಎಂದರೂ ಅವರ ಕೈಯಲ್ಲಿತ್ತು, ಹೆಂಡತಿ ಬಟ್ಟೆ ಹಾಳುಗೆಡವಿದಳು ಎಂದರೂ ಅವರ ಕೈಯಲ್ಲಿತ್ತು.

"ಕಟಿಂಗ್ ನಂದಲ್ಲ, ಇವಳ್ದು" ಎಂದರು. "ಏನಿದ್ರೂ ಇವಳ ಹತ್ರ ಮಾತಾಡಿ."

ಜನ ಚಪ್ಪಾಳೆ ತಟ್ಟಿದರು ಎಂದು ಎಡಗಾಲು ಬಲಗಾಲಾಗುವುದಿಲ್ಲ. ತಪ್ಪು ತಪ್ಪೇ. ಬಸ್ಸಿನಲ್ಲಿ ತಾಳಗುಪ್ಪ ಬಂದ ಮೇಲೆ ಮಾತು ಅವರೇ ಶುರುಮಾಡಿದರು.

"ಎರಡೂ ಎಡಗಾಲು."

"ಹೌದು. ಸೋತೆ."

"ಒಂದೇ ಪದರ ಹಾಸಿ ತಿರುಗ್ಸಿ ಬರೆದ್ಯಾ?"

"ನೀವು ಚಡ್ಡಿ ಬರೆದಂಗೆ."

ಅವರು ಕಿಟಕಿಯ ಕಡೆ ನೋಡಿದರು. "ಸೀಟು ಎಲ್ಲೂ ಎಳೀಲಿಲ್ಲ. ಅವಳು ಅಷ್ಟು ಹಾರಿದ್ರೂ ಹೊಲಿಗೆ ಬಿಡ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮಂಡಿಯಿಂದ ಕೆಳಗೆ ಚೆನ್ನಾಗಿ ಇಳಿದಿದೆ. ನಂಗೆ ಹಂಗೆ ಬರಲ್ಲ."

 ಅವರು ನನ್ನನ್ನು ಹೊಗಳಿದ್ದು ಕಾಜದ ನಂತರ ಅದೇ ಮೊದಲು.

"ಮುಖ ಇರೋ ಬಟ್ಟೆಗೆ ಉಲ್ಟಾ ಕಡೆ ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕ್ಬೇಕು. ಒಂದು ತುಂಡು ಬರೆದಾದ್ಮೇಲೆ ಕಾಗದ ತಿರುಗ್ಸೋದಷ್ಟೇ ಅಲ್ಲ, ಮಗುಚಿ ಇಡ್ಬೇಕು. ನಾನು ಹೊಸದ್ರಲ್ಲಿ ಒಂದು ಮದುವೆ ಕೋಟಿಗೆ ಎರಡು ಬಲಗೈ ಕತ್ತರ್ಸಿದ್ದೆ. ಅಪ್ಪ ಇಂಚು ಕೋಲಲ್ಲಿ ಬಾರ್ಸಿದ್ರು."

"ಯಾವತ್ತೂ ಹೇಳ್ಲಿಲ್ಲ."

"ನೀ ಕೇಳ್ಲಿಲ್ಲ."

"ಕಲ್ಸಿ ಅಂತ ಎರಡು ಸಲ ಕೇಳಿದ್ದೆ."

 ಕತ್ತರಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬಾರದು ಎಂದು ಒಪ್ಪಿಕೊಂಡದ್ದು ನಾನೇ ಅಲ್ಲವೇ. ಆದರೆ ಕಾಜ ಮಾಡುವವಳಿಗೆ ಯಾರೂ ಬಟ್ಟೆಯ ಮುಖದ ಗುರುತು ಹೇಳಿಕೊಡುವುದಿಲ್ಲ. ಅಷ್ಟು ತಿಳಿಯಲು ನಾಲ್ಕನೇ ಕ್ಲಾಸು ಸಾಕು.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲು ಹೋಗಿ ಅಂಗಡಿ ತೆರೆದೆ. ನನ್ನ ಬಲಗೈ ಹೆಬ್ಬೆರಳಿನಲ್ಲಿ ಶುಕ್ರವಾರದ ಬೊಬ್ಬೆ ಇನ್ನೂ ಆರಿರಲಿಲ್ಲ. ಆ ಕತ್ತರಿ ಮಾವನ ಕೈಗೆ ಮಾಡಿಸಿದ್ದು, ಹೆಬ್ಬೆರಳು ತೂರಿಸುವ ಬಳೆ ನನಗೆ ದೊಡ್ಡದು, ಒಳಗೆ ಆಡುತ್ತಿತ್ತು. ಬೆಳ್ಳಿ ಸ್ಯಾಟಿನ್ನಿನ ಚೂರು ಕೈಗೆ ಸಿಕ್ಕಿತು, ಆದರೆ ಅದು ಜಾರುತ್ತದೆ. ನಮ್ಮನೆಯವರ ಒಂದು ಹಳೇ ಬನಿಯನ್ ಹರಿದು ಪಟ್ಟಿ ಮಾಡಿ, ಬಳೆಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಸೂಜಿಯಲ್ಲಿ ಹೊಲಿದು ದಾರ ಕಡಿದೆ. ಹೆಬ್ಬೆರಳು ಹಾಕಿ ನೋಡಿದೆ, ಸರಿಯಾಯಿತು. ಅವರು ಬರುವಷ್ಟರಲ್ಲಿ ಎರಡು ಚಡ್ಡಿ ಕತ್ತರಿಸಿ ಮುಗಿಸಿದ್ದೆ.